ವಿಂಟೇಜ್ ಕಾರೇ ನಾಯಕಿಯಾದ ಮಕ್ಕಳ ಚಿತ್ರಪುಸ್ತಕ ಸರಣಿ: ಕಾರು, ಮಾತು, ಅಚ್ಚು

ಚಿತ್ರಪುಟ

ಐದರಿಂದ ಎಂಟು ವರ್ಷದ ಮಕ್ಕಳಿಗೆ ಆರು ಪುಸ್ತಕಗಳ ಸರಣಿಯೊಂದು ತಯಾರಾಗುತ್ತಿದೆ. ನಾಯಕಿ ಒಂದು ವಿಂಟೇಜ್ ಕಾರು, ಹೆಸರು ಪುಟ್ಟಮ್ಮ. ಮೊದಲ ಪುಸ್ತಕದ ಕಥೆ ಮತ್ತು ಪೆನ್ಸಿಲ್ ಚಿತ್ರಗಳು ಸಿದ್ಧ. ಮೂರು ಕಡೆ ತೊಡಕು.

ಪುಟದಿಂದ ಪುಟಕ್ಕೆ ಕಾರಿನ ಆಕಾರ ಬದಲಾಗುತ್ತಿದೆ. ನಾಲ್ಕನೇ ಪುಟದಲ್ಲಿ ಜೀಪು, ಹನ್ನೆರಡರಲ್ಲಿ ಜಟಕಾ ಗಾಡಿ! ಇನ್ನು ಎರಡನೇ ಪುಸ್ತಕಕ್ಕೇ ಕಥೆ ಬತ್ತಿಹೋಗಿದೆ. ಕಳ್ಳನನ್ನು ಹಿಡಿಯುವುದು, ರೇಸ್ ಗೆಲ್ಲುವುದು ಬಿಟ್ಟು ಬೇರೇನೂ ಹೊಳೆಯುತ್ತಿಲ್ಲ. ಕೊನೆಯದು ಅಚ್ಚಿನ ಲೆಕ್ಕ. 32 ಪುಟ, ಅಡ್ಡ ಆಕಾರ, ಸಾವಿರ ಪ್ರತಿ ಎಂದುಕೊಂಡಿದ್ದೇವೆ. ಮುಂದೆ ತುಳು, ಕೊಂಕಣಿ ಆವೃತ್ತಿಯೂ ಆಗಬಹುದು. ತಿಳಿದವರು ಹೇಳಿ.

ಹಳೇಗ್ಯಾರೇಜು

ಯಾವ ಕಾರು, ಯಾವ ವರ್ಷದ್ದು ಅಂತ ನೀವು ಬರೆದೇ ಇಲ್ಲವಲ್ಲ? ಮೊದಲ ಎರಡು ತೊಡಕಿಗೂ ಮೂಲ ಅಲ್ಲೇ ಇದೆ. "ಯಾವುದೋ ಹಳೇ ಕಾರು" ಅಂತ ಬರೆಯಲು ಹೊರಟರೆ ಕೈಗೆ ಬಂದದ್ದು ಬರುತ್ತದೆ. ಒಂದು ಕಾರು, ಒಂದು ಮಾಡೆಲ್, ಒಂದು ವರ್ಷ ಗಟ್ಟಿ ಮಾಡಿಕೊಳ್ಳಿ. ಮಕ್ಕಳಿಗೆ ಅದನ್ನು ಹೇಳಲೇಬೇಕೆಂದಿಲ್ಲ, ನಿಮಗೆ ಗೊತ್ತಿದ್ದರೆ ಸಾಕು.

ವಿಂಟೇಜ್ ಎಂಬ ಮಾತಿಗೂ ಒಂದು ಲೆಕ್ಕವಿದೆ. ಬ್ರಿಟನ್ನಿನ ರೂಢಿಯಲ್ಲಿ 1919ರಿಂದ 1930ರ ಕೊನೆಯವರೆಗೆ ತಯಾರಾದದ್ದು ವಿಂಟೇಜ್. ನಮ್ಮಲ್ಲಿ 2021ರಲ್ಲಿ ತಿದ್ದಿದ ಮೋಟಾರು ವಾಹನ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ವಾಹನವೆಲ್ಲ ವಿಂಟೇಜ್. ಈ ಲೆಕ್ಕಕ್ಕೆ 1970ರ ಅಂಬಾಸಿಡರೂ ವಿಂಟೇಜೇ. ಆದರೆ ವಿಂಟೇಜ್ ಅಂದಾಗ ಕಣ್ಣಿಗೆ ಕಟ್ಟುವ ರೂಪ, ಅಂದರೆ ಹೊರಗೆ ಚಾಚಿದ ಮಡ್‌ಗಾರ್ಡು, ನೆಟ್ಟಗಿನ ಗಾಜು, ಬಟ್ಟೆಯ ಹುಡ್, 1920ರ ದಶಕದ್ದು.

ನನ್ನನ್ನು ಕೇಳಿದರೆ ಆಸ್ಟಿನ್ ಸೆವೆನ್ ತೆಗೆದುಕೊಳ್ಳಿ. ಬೇಬಿ ಆಸ್ಟಿನ್ ಅನ್ನುತ್ತಾರಲ್ಲ, ಅದೇ. 1922ರಿಂದ 1939ರವರೆಗೆ ಸುಮಾರು 2.9 ಲಕ್ಷ ಬಂದವು. ಭಾರತದ ರಸ್ತೆಗಳಲ್ಲೂ ಓಡಿವೆ, ಈಗಲೂ ರ‍್ಯಾಲಿಗಳಲ್ಲಿ ಕಾಣುತ್ತವೆ. ಅದರಲ್ಲೂ 'ಚಮ್ಮಿ' ಎಂಬ ತೆರೆದ ಮಾಡೆಲ್ಲು: ಮುಂದೆ ಇಬ್ಬರು ದೊಡ್ಡವರು, ಹಿಂದೆ ಮಕ್ಕಳು ಮಾತ್ರ ಹಿಡಿಸುವಷ್ಟು ಜಾಗ. ಚಿತ್ರಪುಸ್ತಕಕ್ಕೆಂದೇ ಹೊಲಿದ ಅಂಗಿಯ ಹಾಗಿದೆ. ವರ್ಷ 1927 ಎಂದಿಟ್ಟುಕೊಳ್ಳಿ. ಎಂಜಿನ್ 747 ಸಿಸಿ, ನಾಲ್ಕು ಸಿಲಿಂಡರ್, ಸುಮಾರು ಹತ್ತೂವರೆ ಕುದುರೆಬಲ. ಇವತ್ತಿನ ಸಾಮಾನ್ಯ ಸ್ಕೂಟರ್ ಹತ್ತಿರ ಹತ್ತಿರ ಅಷ್ಟೇ ಬಲ ಕೊಡುತ್ತದೆ. ಮೂರು ಗೇರು, ಒಂದು ರಿವರ್ಸು. ಪೆಟ್ರೋಲಿಗೆ ಕಿಡಿ ಕೊಡುವುದು ಮ್ಯಾಗ್ನೆಟೊ ಎಂಬ ಪುಟ್ಟ ಯಂತ್ರ. ಲೈಟಿಗೆ 6 ವೋಲ್ಟ್.

ಅಳತೆ: ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 75 ಇಂಚು. ಎಡ, ಬಲ ಚಕ್ರಗಳ ನಡುವೆ 40 ಇಂಚು. ಟೈರ್ ಸೇರಿ ಚಕ್ರದ ಎತ್ತರ ಸುಮಾರು 26 ಇಂಚು. ಇಡೀ ಉದ್ದ ಒಂಬತ್ತು ಅಡಿಗೆ ಸ್ವಲ್ಪ ಕಡಿಮೆ.

ಸೀಸದಕಡ್ಡಿ

ಮೇಲಿನ ಅಳತೆಯನ್ನು ಚಿತ್ರ ಬರೆಯುವವರ ಭಾಷೆಗೆ ಇಳಿಸುತ್ತೇನೆ. ಇಂಚು ಮರೆತುಬಿಡಿ, ಚಕ್ರವನ್ನೇ ಗೇಣು ಮಾಡಿಕೊಳ್ಳಿ. 75ನ್ನು 26ರಿಂದ ಭಾಗಿಸಿದರೆ 2.9. ಅಂದರೆ ನಡುವಿನಿಂದ ನಡುವಿಗೆ ಮೂರು ಚಕ್ರಕ್ಕೆ ಕೂದಲೆಳೆ ಕಡಿಮೆ. ಇಡೀ ಕಾರು ನಾಲ್ಕು ಚಕ್ರ. ಮುಂದಿನಿಂದ ನೋಡಿದರೆ ಚಕ್ರಗಳ ನಡುವೆ ಒಂದೂವರೆ ಚಕ್ರ. ಇಷ್ಟು ನೆನಪಿದ್ದರೆ ಅಂಗೈಯಗಲದ ಚಿತ್ರದಲ್ಲೂ ಕಾರು ಜೀಪಾಗುವುದಿಲ್ಲ. ನಿಮ್ಮ ನಾಲ್ಕನೇ ಪುಟದಲ್ಲಿ ನಡುವಿನ ಅಂತರ ನಾಲ್ಕು ಚಕ್ರ ದಾಟಿದ್ದಿರಬೇಕು, ಅಳೆದು ನೋಡಿ.

ಆಮೇಲೆ ಆಧಾರಕ್ಕೆ ಫೋಟೋ. ಇಂಟರ್ನೆಟ್ಟಿನಲ್ಲಿ ಸಿಗುವ ಫೋಟೋಗಳಲ್ಲಿ ಮುಕ್ಕಾಲು ಪಾಲು ಮೊಬೈಲನ್ನು ಹತ್ತಿರ ಹಿಡಿದು ತೆಗೆದವು. ಮೂತಿ ಊದಿಕೊಂಡಿರುತ್ತದೆ, ಹಿಂಭಾಗ ಬಾಡಿರುತ್ತದೆ. ಅದನ್ನು ನೋಡಿ ಬರೆದರೆ ಅದೇ ಸೊಟ್ಟ ನಿಮ್ಮ ಪುಟಕ್ಕೂ ಬರುತ್ತದೆ. ಧರ್ಮಸ್ಥಳದ ಕಾರು ಸಂಗ್ರಹ, ಶ್ರೀರಂಗಪಟ್ಟಣದ ಬಳಿ ಹೆದ್ದಾರಿ ಪಕ್ಕದ 'ಪಯಣ' ಸಂಗ್ರಹಾಲಯ, ಇಂಥ ಕಡೆ ಆ ಕಾಲದ ಕಾರುಗಳ ಮುಂದೆ ನಿಂತು ನೋಡಬಹುದು. ಕ್ಯಾಮೆರಾವನ್ನು ಚಕ್ರದ ಗುಂಬದ ಎತ್ತರಕ್ಕೆ ಇಳಿಸಿ. 6ರಿಂದ 8 ಮೀಟರ್ ಹಿಂದೆ ಸರಿದು ಜೂಮ್ ಮಾಡಿ. ಎರಡು ಪಕ್ಕ, ಮುಂದೆ, ಹಿಂದೆ, ನಾಲ್ಕು ಮೂಲೆ: ಎಂಟು ಫೋಟೋ. ಒಂದರಲ್ಲಾದರೂ ಚಕ್ರದ ಪಕ್ಕ 30 ಸೆಂ.ಮೀ. ಸ್ಕೇಲು ನಿಂತಿರಲಿ. ಅಡಿಭಾಗ, ಪೆಡಲು, ಎಂಜಿನ್ ತಿರುಗಿಸುವ ಹ್ಯಾಂಡಲ್ ತೂರುವ ತೂತು, ಹುಡ್ ಮಡಿಚುವ ಕೀಲು, ಇವನ್ನು ಬೇರೆ ಬೇರೆಯಾಗಿ ತೆಗೆಯಿರಿ. ಕಥೆ ನಡೆಯುವುದೇ ಅಲ್ಲಿ.

ಪದೇ ಪದೇ ಆಗುವ ತಪ್ಪುಗಳು:

ಚಮ್ಮಿಯ ಮುಂದಿನ ಮಡ್‌ಗಾರ್ಡು ಬಾಡಿಗೆ ಕಚ್ಚಿಕೊಂಡಿದೆ. ಚಕ್ರ ತಿರುಗಿದರೂ ಅದು ತಿರುಗುವುದಿಲ್ಲ. ಬೈಕಿನ ಅಭ್ಯಾಸದಲ್ಲಿ ಎರಡನ್ನೂ ಒಟ್ಟಿಗೆ ತಿರುಗಿಸಿಬಿಡುತ್ತಾರೆ.

ಪೆಟ್ರೋಲ್ ಹಾಕುವ ಬಾಯಿ ಹಿಂದಿಲ್ಲ. ಟ್ಯಾಂಕು ಇರುವುದು ಡ್ಯಾಶ್‌ಬೋರ್ಡಿನ ಮುಂದೆ, ಎಂಜಿನ್ನಿನ ಬೆನ್ನಿಗೆ. ಬಾನೆಟ್ ಎತ್ತಿಯೇ ಹಾಕಬೇಕು. ಬಂಕಿನ ದೃಶ್ಯವಿದ್ದರೆ ಇದೇ ಒಂದು ತಮಾಷೆ.

ಕಾರು ಎಡಕ್ಕೆ ಹೋಗುವ ಚಿತ್ರವನ್ನು ಕಂಪ್ಯೂಟರಿನಲ್ಲಿ ಮಗುಚಿ ಬಲಕ್ಕೆ ಓಡಿಸಬೇಡಿ. ಡ್ರೈವರ್ ಎಡಕ್ಕೆ ಕೂತುಬಿಡುತ್ತಾನೆ, ನಂಬರ್ ಪ್ಲೇಟು ಉಲ್ಟಾ ಆಗುತ್ತದೆ. ಆರು ವರ್ಷದ ಓದುಗರು ಇದನ್ನು ಖಂಡಿತ ಹಿಡಿಯುತ್ತಾರೆ, ದೊಡ್ಡವರು ಹಿಡಿಯುವುದಿಲ್ಲ.

ರಾತ್ರಿ ದೃಶ್ಯದಲ್ಲಿ ಹೆಡ್‌ಲೈಟಿನಿಂದ ಬಿಳಿ ಕೋಲು ಹೊರಡಬಾರದು. 6 ವೋಲ್ಟಿನ ಬೆಳಕು ಅರಿಶಿನ ಬಣ್ಣದ್ದು, ನಾಲ್ಕು ಮಾರು ಮುಂದೆ ಹೋಗಿ ಕರಗಬೇಕು.

ಕಡ್ಡಿಚಕ್ರದ ಒಂದೊಂದು ಕಡ್ಡಿಯನ್ನೂ ಬರೆಯುತ್ತ ಕೂರಬೇಡಿ. ನಿಂತಾಗ ಮಾತ್ರ ಕಡ್ಡಿ. ಓಡುವಾಗ ತೆಳು ಬೂದು ಬಣ್ಣ, ಅದರ ಹಿಂದೆ ರಸ್ತೆ ಮಸುಕಾಗಿ ಕಾಣಲಿ.

ಮಕ್ಕಳಪುಸ್ತಕ

ಮುಖ ಇದೆಯೋ ಇಲ್ಲವೋ? ಹೆಡ್‌ಲೈಟಿಗೆ ಕಣ್ಣುಗುಡ್ಡೆ, ರೇಡಿಯೇಟರಿಗೆ ಬಾಯಿ?

ಸೀಸದಕಡ್ಡಿ

ಬೇಡ ಅನ್ನುವುದು ನನ್ನ ಪಕ್ಷ. ಈ ಜಾತಿಯ ಪುಸ್ತಕಗಳಲ್ಲಿ ಹೆಚ್ಚು ಬಾಳಿದ್ದು ಇಂಗ್ಲೆಂಡಿನ 'ಗಮ್‌ಡ್ರಾಪ್' ಸರಣಿ. ಬುಡಾಪೆಸ್ಟಿನಲ್ಲಿ 1921ರಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದ ವಾಲ್ ಬೀರೋ ಬರೆದು ಚಿತ್ರಿಸಿದ್ದು. ಮೊದಲ ಪುಸ್ತಕ 1966ರದು, ಆಮೇಲೆ ಮೂವತ್ತಕ್ಕೂ ಹೆಚ್ಚು ಬಂದವು. ಅವರು ಮಾದರಿಗೆ ಇಟ್ಟುಕೊಂಡದ್ದು ತಮ್ಮದೇ 1926ರ ಆಸ್ಟಿನ್ ಕ್ಲಿಫ್ಟನ್, ಟ್ವೆಲ್ವ್-ಫೋರ್. ಆ ಕಾರಿಗೆ ಕಣ್ಣುಬಾಯಿ ಅಂಟಿಸಲಿಲ್ಲ. ಕಾರು ಕಾರಾಗಿಯೇ ಉಳಿಯಿತು. ನೀವು ಅದರ ಕಥೆಯನ್ನಾಗಲಿ ರೇಖೆಯನ್ನಾಗಲಿ ಎತ್ತಿಕೊಳ್ಳಬೇಕಿಲ್ಲ, ಆ ಒಂದು ನಿಯತ್ತು ಸಾಕು.

ಮುಖವಿಲ್ಲದೆ ಭಾವ ಹೇಗೆ? ಕಾರಿಗೆ ಮೈ ಇದೆಯಲ್ಲ. ಬ್ರೇಕ್ ಒತ್ತಿದಾಗ ಮೂತಿ ತಗ್ಗುತ್ತದೆ, ಹೊರಡುವಾಗ ಹಿಂಭಾಗ ಕೂರುತ್ತದೆ. ತಗ್ಗಿದ ಮೂತಿ ಸಂಕೋಚ, ಎತ್ತಿದ ಮೂತಿ ಜಂಬ. ಸೆವೆನ್ನಿನ ಮುಂದಿನ ಸ್ಪ್ರಿಂಗು ಒಂದೇ, ಅಡ್ಡಕ್ಕೆ ಮಲಗಿಸಿದ್ದು. ತಿರುವಿನಲ್ಲಿ ಮೈ ವಾಲುತ್ತದೆ, ಬಿಂದಿಗೆ ಹೊತ್ತವರು ನಡೆದ ಹಾಗೆ. ಅರ್ಧ ಮಡಿಚಿದ ಹುಡ್ ಜಾರಿದ ಸೆರಗು. ಮುಂದಿನ ಚಕ್ರವನ್ನು ಮಾತನಾಡುವವರ ಕಡೆ ಸ್ವಲ್ಪ ತಿರುಗಿಸಿದರೆ ಕಾರು ಕೇಳಿಸಿಕೊಳ್ಳುತ್ತಿದೆ ಅನಿಸುತ್ತದೆ. ಇಂಥ ಹತ್ತು ಹನ್ನೆರಡು ಭಂಗಿಗಳನ್ನು ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಆಮೇಲೆ ಪುಟಕ್ಕೆ ಕೈ ಹಾಕಿ.

ಹಳೇಗ್ಯಾರೇಜು

ಕಥೆಯ ಬರಕ್ಕೆ ಬರೋಣ. ಕಳ್ಳನೂ ಬೇಡ, ರೇಸೂ ಬೇಡ. ಆ ಕಾರಿನ ದೋಷಗಳ ಪಟ್ಟಿಯೇ ನಿಮ್ಮ ಆರು ಪುಸ್ತಕ.

ಕ್ಲಚ್. ಸೆವೆನ್ನಿನ ಕ್ಲಚ್ ಪೆಡಲು ಅಲ್ಲಾಡುವುದೇ ಅಷ್ಟಿಷ್ಟು. ಬಿಟ್ಟರೆ ಪೂರ್ತಿ ಹಿಡಿಯಿತು, ಒತ್ತಿದರೆ ಪೂರ್ತಿ ಬಿಟ್ಟಿತು. ನಡುವೆ ಏನೂ ಇಲ್ಲ. ಹೊಸಬರು ಕೂತರೆ ಕಾರು ಕಪ್ಪೆಯ ಹಾಗೆ ನೆಗೆದು ಆರಿಹೋಗುತ್ತದೆ. ಪಟ್ಟಣದಿಂದ ಬಂದ ಚಿಕ್ಕಪ್ಪ "ನಾನು ಎಲ್ಲಾ ಕಾರೂ ಓಡಿಸ್ತೀನಿ" ಎಂದು ಕೂತರೆ ಒಂದು ಪುಸ್ತಕ.

ಬ್ರೇಕ್. 1930ರಲ್ಲಿ ಎರಡನ್ನೂ ಜೋಡಿಸುವ ತನಕ ಕಾಲಿನ ಪೆಡಲು ಹಿಂದಿನ ಚಕ್ರಕ್ಕೆ, ಕೈಯ ಲಿವರು ಮುಂದಿನ ಚಕ್ರಕ್ಕೆ. ಎರಡೂ ಕೇಬಲ್ಲಿನವು, ಎರಡೂ ಬಡವಾದವು. ನಿಲ್ಲಬೇಕಾದರೆ ಬಹಳ ಮೊದಲೇ ಯೋಚಿಸಬೇಕು. ದನ ಅಡ್ಡ ಬರುವ ದೃಶ್ಯದಲ್ಲಿ ಪುಟ್ಟಮ್ಮ ಗಕ್ಕನೆ ನಿಂತರೆ ಅದು ಸುಳ್ಳು. ಅವಳು ನಿಲ್ಲುವುದರೊಳಗೆ ದನವೇ ನಾಲ್ಕು ಹೆಜ್ಜೆ ಸರಿದಿರಬೇಕು.

ಗೇರು. ಗೇರಿನ ಹಲ್ಲುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೊಮೆಶ್ ಇಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು ಎಕ್ಸಲರೇಟರ್ ಒಂದು ಸಲ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕಬೇಕು. ಒಂದು ಹೆಜ್ಜೆ ತಪ್ಪಿದರೂ 'ಕರ್ರ್' ಎಂದು ಹಲ್ಲು ಮಸೆಯುತ್ತದೆ. ಇದನ್ನು ಕುಂಟೆಬಿಲ್ಲೆಯ ಲಯದಲ್ಲಿ ಬರೆದರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ: ಒತ್ತು, ಎಳೆ, ಬಿಡು, ಗುರ್, ಒತ್ತು, ಹಾಕು.

ಎಣ್ಣೆಯ ಗುಂಡಿ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಯ ಒತ್ತಡಕ್ಕೆ ಮುಳ್ಳಿನ ಮೀಟರಿಲ್ಲ, ಒಂದು ಪುಟ್ಟ ಗುಂಡಿ ಇದೆ. ಎಣ್ಣೆ ಓಡಾಡುತ್ತಿದ್ದರೆ ಹೊರಗೆ ಬರುತ್ತದೆ, ನಿಂತರೆ ಒಳಗೆ ಹೋಗುತ್ತದೆ. ಹಿಂದಿನ ಸೀಟಿನ ಮಗುವೊಂದಕ್ಕೇ ಅದು ಒಳಗೆ ಹೋದದ್ದು ಕಂಡರೆ? ದೊಡ್ಡವರೆಲ್ಲ ಹರಟೆಯಲ್ಲಿದ್ದಾರೆ. ಐದನೇ ಪುಸ್ತಕ ಬರೆದು ಮುಗಿಯಿತು ಅಂದುಕೊಳ್ಳಿ.

ನೀರು. ಪಂಪು ಇಲ್ಲ. ಬಿಸಿ ನೀರು ತಾನೇ ಮೇಲೇರಿ ರೇಡಿಯೇಟರಿಗೆ ಹೋಗಿ, ತಣಿದು ಕೆಳಗಿಳಿದು ಮತ್ತೆ ಎಂಜಿನ್ನಿಗೆ ಬರುತ್ತದೆ. ಚಪ್ಪಟೆ ರಸ್ತೆಯಲ್ಲಿ ಸರಿ. ಏರಿನಲ್ಲಿ ನಿಧಾನಕ್ಕೆ ಹೋಗುವಾಗ ಗಾಳಿ ಸಾಲದು, ಕುದಿಯುತ್ತದೆ. ಕುದಿದಾಗ ಮುಚ್ಚಳ ತೆಗೆಯುವ ಚಿತ್ರ ಮಾತ್ರ ಯಾವ ಕಾರಣಕ್ಕೂ ಬೇಡ, ಬಿಸಿ ನೀರು ಮುಖಕ್ಕೇ ಚಿಮ್ಮುತ್ತದೆ. ಬಾನೆಟ್ಟಿನ ಎರಡೂ ರೆಕ್ಕೆ ಎತ್ತಿ ಅರ್ಧ ಗಂಟೆ ಕಾಯುವುದೇ ಸರಿಯಾದ ಕ್ರಮ. ಆ ಅರ್ಧ ಗಂಟೆಯಲ್ಲಿ ಏನಾಯಿತು ಅನ್ನುವುದು ಕಥೆ.

ಘಾಟಿಬಸ್ಸು

ಹಾಗಾದ್ರೆ ಆಗುಂಬೆ ಘಾಟಿ ಹತ್ತಿಸಿ! ಸೋಮೇಶ್ವರದಿಂದ ಮೇಲಕ್ಕೆ 14 ಹೇರ್‌ಪಿನ್ ತಿರುವು. ಹಳೇ ಕಾರುಗಳು ಏರು ಹತ್ತದಿದ್ರೆ ತಿರುಗಿ ನಿಂತು ರಿವರ್ಸ್ ಗೇರಲ್ಲೇ ಹತ್ತುತ್ತಿದ್ದವು ಅಂತಾರಲ್ಲ, ಪುಟ್ಟಮ್ಮನೂ ಹಿಮ್ಮುಖವಾಗಿ ಹತ್ತಿದ್ರೆ ಮಕ್ಕಳು ಬಿದ್ದು ಬಿದ್ದು ನಗ್ತಾರೆ.

ಹಳೇಗ್ಯಾರೇಜು

ಆ ಮಾತು ಫೋರ್ಡ್ ಮಾಡೆಲ್ ಟಿ ಕಾರಿನದ್ದು. ಅದರಲ್ಲಿ ಟ್ಯಾಂಕು ಸೀಟಿನ ಕೆಳಗೆ, ಪಂಪು ಇಲ್ಲ, ಪೆಟ್ರೋಲ್ ತನ್ನ ಭಾರಕ್ಕೇ ಹರಿದು ಹೋಗಬೇಕು. ಕಡಿದಾದ ಏರಿನಲ್ಲಿ ಕಾರ್ಬುರೇಟರ್ ಟ್ಯಾಂಕಿಗಿಂತ ಮೇಲಾಗುತ್ತಿತ್ತು; ಪೆಟ್ರೋಲ್ ಹರಿಯದೆ ಎಂಜಿನ್ ಆರುತ್ತಿತ್ತು. ಅದಕ್ಕೇ ಮುಖ ತಿರುಗಿಸಿ ಹತ್ತಿಸುತ್ತಿದ್ದರು. ಸೆವೆನ್ನಿನಲ್ಲಿ ಟ್ಯಾಂಕು ಎಂಜಿನ್ನಿನ ಬೆನ್ನಿಗೇ, ಎತ್ತರದಲ್ಲಿದೆ. ಏರಿನಲ್ಲೂ ಪೆಟ್ರೋಲ್ ಇಳಿಯುತ್ತಲೇ ಇರುತ್ತದೆ. ಪುಟ್ಟಮ್ಮ ಹಿಮ್ಮುಖ ಹತ್ತಿದರೆ ಅದು ಬೇರೆ ಕಾರಿನ ಕಥೆಯನ್ನು ಕದ್ದಂತೆ.

ಆಗುಂಬೆ ಸರಿಯಾದ ಜಾಗವೇ. ಅವಳನ್ನು ನಿಲ್ಲಿಸುವುದು ಪೆಟ್ರೋಲಲ್ಲ, ಕುದಿತ. ಮೂರು ನಾಲ್ಕು ತಿರುವಿಗೊಂದು ಸಲ ನಿಲ್ಲಲಿ. ಒಂದೊಂದು ನಿಲುಗಡೆಯಲ್ಲೂ ಒಂದೊಂದು ಪ್ರಾಣಿಯೋ ಹಕ್ಕಿಯೋ ಬಂದು ನೋಡಲಿ. ನಿಂತಾಗಲೆಲ್ಲ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು, ಬ್ರೇಕಿನ ಕಥೆ ಮೇಲೆ ಹೇಳಿದೆನಲ್ಲ. ಆ ಕಲ್ಲಿಡುವ ಕೆಲಸವನ್ನು ಮಗುವಿಗೆ ಕೊಡಬೇಡಿ. ಕಾರಿನ ಹಿಂದೆ ಮಗು ನಿಂತ ಚಿತ್ರ ಒಂದೂ ಇರಕೂಡದು.

ಒತ್ತಕ್ಷರ

ಎಲ್ಲರೂ ಕಾರನ್ನೇ ಹಿಡಿದು ಕೂತಿದ್ದೀರಿ, ಕ್ರಿಯಾಪದವನ್ನು ಯಾರೂ ಕೇಳಲಿಲ್ಲ. ಪುಟ್ಟಮ್ಮ 'ಹೊರಟಳೋ' 'ಹೊರಟಿತೋ'?

ಇಂಗ್ಲಿಷಿನವರಿಗೆ ಸರ್ವನಾಮ ಒಂದನ್ನು ಬದಲಾಯಿಸಿದರೆ ಮುಗಿಯಿತು. ನಮ್ಮಲ್ಲಿ ಲಿಂಗ ಪ್ರತಿ ವಾಕ್ಯದ ಬಾಲದಲ್ಲೂ ಕೂತಿರುತ್ತದೆ. 'ಕಾರು ಹೊರಟಿತು' ಅಂದರೆ ಅದು ವಸ್ತು. 'ಪುಟ್ಟಮ್ಮ ಹೊರಟಳು' ಅಂದರೆ ಜೀವ. ಒಂದೇ ಪುಟದಲ್ಲಿ ಎರಡೂ ಬೆರೆತರೆ ಗಟ್ಟಿಯಾಗಿ ಓದಿ ಹೇಳುವವರು ತಡವರಿಸುತ್ತಾರೆ, ಮಗು "ಯಾರು?" ಅನ್ನುತ್ತದೆ.

ಇದನ್ನು ತೊಡಕು ಅನ್ನದೆ ಕಥೆಗೇ ದುಡಿಸಿಕೊಳ್ಳಬಹುದು. ನಿರೂಪಣೆಯಲ್ಲಿ, ಮಕ್ಕಳ ಬಾಯಲ್ಲಿ, ಅಜ್ಜನ ಬಾಯಲ್ಲಿ ಯಾವಾಗಲೂ 'ಅವಳು'. ಅವಳನ್ನು ಗುಜರಿ ಅನ್ನುವವರ ಬಾಯಲ್ಲಿ 'ಇದು'. "ಇದು ಏಳಲ್ಲ" ಎಂದಿದ್ದ ಮೆಕ್ಯಾನಿಕ್ಕು ಕೊನೇ ಪುಟದಲ್ಲಿ "ಇವಳು ಗಟ್ಟಿ" ಅಂದರೆ ಸಾಕು, ಅವನ ಮನಸ್ಸು ಬದಲಾಯಿತು ಅಂತ ಬೇರೆ ವಾಕ್ಯ ಬರೆಯಬೇಕಿಲ್ಲ. ಇದು ಕನ್ನಡಕ್ಕೆ ಬಿಟ್ಟಿಯಾಗಿ ಸಿಕ್ಕ ಸವಲತ್ತು.

ಎರಡನೆಯದು ಬಿಡಿಭಾಗಗಳ ಹೆಸರು. ಅನುವಾದ ಮಾಡಲು ಹೋಗಬೇಡಿ. 'ಶೀತಕ', 'ಚಾಲನಾ ಚಕ್ರ' ಯಾವ ಗ್ಯಾರೇಜಿನಲ್ಲೂ ಇಲ್ಲ. ಆದರೆ ಪ್ರತ್ಯಯ ಹಚ್ಚುವಾಗ ಕನ್ನಡದ ಬಾಯಿಗೆ ಒಗ್ಗಿಸಿ: 'ಬಾನೆಟ್‌ನ' ಅಲ್ಲ, 'ಬಾನೆಟ್ಟಿನ', 'ಬ್ರೇಕ್‌ಗೆ' ಅಲ್ಲ, 'ಬ್ರೇಕಿಗೆ'. ಈಗತಾನೇ ಕೂಡಿಸಿ ಓದುವ ಮಗು ಆ ಅರ್ಧಾಕ್ಷರದ ಮುಂದೆ ನಿಂತುಬಿಡುತ್ತದೆ. ಹೊರದೇಶದಲ್ಲಿ ವಾರಕ್ಕೊಂದು ದಿನ ಕನ್ನಡ ಕಲಿಯುವ ಮಕ್ಕಳಿಗಂತೂ ಅದು ದೊಡ್ಡ ಎಡವುಗಲ್ಲು.

ಡಿಕ್ಕಿ ಎಂಬ ಪದವನ್ನು ಬಿಡಬೇಡಿ. ಆ ಕಾಲದ ಎರಡು ಸೀಟಿನ ಕಾರುಗಳ ಹಿಂಭಾಗದಲ್ಲಿ ಮಡಿಚಿ ತೆರೆಯುವ ಹೆಚ್ಚುವರಿ ಸೀಟಿಗೆ ಡಿಕ್ಕಿ ಸೀಟ್ ಎಂದು ಹೆಸರು. ಸೀಟು ಹೋಯಿತು, ಹೆಸರು ನಮ್ಮಲ್ಲಿ ಸಾಮಾನಿಡುವ ಜಾಗಕ್ಕೆ ಅಂಟಿಕೊಂಡಿತು. ಇತ್ತ 'ಡಿಕ್ಕಿ ಹೊಡೆಯಿತು' ಬೇರೆ ಇದೆ. "ಡಿಕ್ಕಿ ಎಲ್ಲಿ?" "ಯಾರಿಗೆ ಹೊಡೆದಳು?" ಅನ್ನುವ ಗೊಂದಲಕ್ಕೆ ಒಂದು ಪುಟ ಕೊಡಿ. ಆದರೆ ಚಮ್ಮಿಗೆ ಡಿಕ್ಕಿಯೇ ಇಲ್ಲ. ಎದುರಿಗೆ ಇನ್ನೊಂದು ಕಾರು ನಿಲ್ಲಿಸಬೇಕಾದೀತು.

ಸ್ಟೆಪ್ನಿಯೂ ಹಾಗೇ. 1904ರಲ್ಲಿ ವೇಲ್ಸಿನ ಲನೆಥ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು ಮಾಡಿದ ಬದಲಿ ಚಕ್ರ ಅದು. ಅಲ್ಲಿಯವರು ಆ ಪದವನ್ನು ಬಹುತೇಕ ಮರೆತರು, ನಾವು ಪಂಕ್ಚರ್ ಅಂಗಡಿಯಲ್ಲಿ ದಿನಾ ಹೇಳುತ್ತೇವೆ.

ಧಾರವಾಡಪೇಡೆ

ಗಾಡಿ 'ಚಾಲೂ ಆಗವಲ್ದು' ಅಂತ ಒಂದು ಕಡೆನಾದ್ರೂ ಹಾಕ್ರಿ. ಎಲ್ಲಾ ಪಾತ್ರಾನೂ ಬೆಂಗಳೂರು ಕನ್ನಡ ಮಾತಾಡಿದ್ರ ಆ ಘಾಟಿ ಎಲ್ಲಿ ಬಂತು, ಆ ಅಜ್ಜ ಎಲ್ಲಿಂದ ಬಂದ? ನಿರೂಪಣಾ ಗ್ರಂಥಿಕ ಇರ್ಲಿ, ಮಾತು ಊರಿಂದ ಇರ್ಲಿ.

ಅಚ್ಚುಮೊಳೆ

ಅಚ್ಚಿನ ಲೆಕ್ಕ. ಅಡ್ಡ ಆಕಾರ ಕಾರಿಗೆ ಸರಿಯಾದ ಆಯ್ಕೆ; ಎರಡು ಪುಟ ಸೇರಿದರೆ ಒಂದು ರಸ್ತೆ.

20×30 ಇಂಚಿನ ಹಾಳೆಯಲ್ಲಿ ಎರಡೂ ಬದಿ ಸೇರಿ 16 ಪುಟ ಕೂರುತ್ತವೆ, ಒಂದೊಂದು 10×7.5 ಇಂಚು. ಕತ್ತರಿಸಿದ ಮೇಲೆ 9.5×7 ಎಂದಿಟ್ಟುಕೊಳ್ಳಿ. ಎತ್ತರ 7.25 ಇಡೋಣ ಅನ್ನುವ ಆಸೆ ಬರುತ್ತದೆ, ಬೇಡ: ನಾಲ್ಕು 7.25 ಸೇರಿದರೆ 29 ಇಂಚು, ಮೇಲೆ ಕೆಳಗೆ 3 ಮಿ.ಮೀ. ಬ್ಲೀಡಿನಂತೆ (ಕತ್ತರಿಸಿ ತೆಗೆಯಲೆಂದೇ ಬಿಡುವ ಹೆಚ್ಚುವರಿ ಚಿತ್ರದ ಅಂಚು) ಒಟ್ಟು 24 ಮಿ.ಮೀ., ಅಲ್ಲಿಗೆ 30 ಇಂಚು ಭರ್ತಿ. ಬಣ್ಣದ ಪಟ್ಟಿಗೂ ಜಾಗವಿಲ್ಲ, ಹಾಳೆ ಕೂದಲಷ್ಟು ಸರಿದರೂ ಬಿಳಿ ಅಂಚು ಕಾಣುತ್ತದೆ.

32 ಪುಟಕ್ಕೆ ಪ್ರತಿಗೆ ಎರಡು ಹಾಳೆ. ಸಾವಿರ ಪ್ರತಿಗೆ 2,000, ಹಾಳಾಗುವುದಕ್ಕೆ ಶೇ. 10 ಸೇರಿಸಿ 2,200. 130 ಜಿಎಸ್‌ಎಂ (ಚದರ ಮೀಟರಿಗೆ 130 ಗ್ರಾಂ) ಮ್ಯಾಟ್ ಕಾಗದ ಈ ಅಳತೆಯಲ್ಲಿ 500 ಹಾಳೆಗೆ ಸುಮಾರು 25 ಕೆ.ಜಿ. ತೂಗುತ್ತದೆ, ಒಟ್ಟು 110 ಕೆ.ಜಿ. ಚಿಲ್ಲರೆ. ಹೊದಿಕೆ ಬೇರೆ, 250 ಜಿಎಸ್‌ಎಂ, ಮ್ಯಾಟ್ ಲ್ಯಾಮಿನೇಶನ್.

ಕಾಗದದ ಎಳೆ, ಅಂದರೆ ಅದರ ನಾರು ಮಲಗಿರುವ ದಿಕ್ಕು, ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಬೇಕು. ಈ ಜೋಡಣೆಯಲ್ಲಿ ಬೆನ್ನು 30 ಇಂಚಿನ ಕಡೆಗೆ ಬರುತ್ತದೆ, ಆದ್ದರಿಂದ ಉದ್ದ ಎಳೆಯ ಕಾಗದ ಎಂದು ಬಾಯಿಬಿಟ್ಟು ಹೇಳಿ. ತಪ್ಪಿದರೆ ಮಡಿಕೆಯಲ್ಲಿ ಬಣ್ಣ ಒಡೆಯುತ್ತದೆ, ತೆರೆದಿಟ್ಟ ಪುಸ್ತಕ ಬಾಯಿ ಮುಚ್ಚಿಕೊಳ್ಳುತ್ತದೆ.

ಬೈಂಡಿಂಗಿನಲ್ಲಿ ಹಾಳೆಯನ್ನು ನಾಲ್ಕು ಪಟ್ಟಿಯಾಗಿ ಕತ್ತರಿಸಿ, ಎಂಟು ಪಟ್ಟಿಗಳನ್ನು ಒಂದರೊಳಗೊಂದು ಇಟ್ಟು ನಡುವೆ ಪಿನ್ನು. ಒಳಗಿನ ಪುಟಗಳು ಹೊರಗಿನವಕ್ಕಿಂತ ಸುಮಾರು 1 ಮಿ.ಮೀ. ಹೊರಚಾಚಿ ಕತ್ತರಿಗೆ ಸಿಗುತ್ತವೆ. ಅಂಚಿಗೆ 10 ಮಿ.ಮೀ.ಗಿಂತ ಹತ್ತಿರ ಅಕ್ಷರ ಇಡಬೇಡಿ. ಎರಡು ಪುಟದ ಚಿತ್ರದಲ್ಲಿ ಮಡಿಕೆಯ ಮೇಲೆ ಚಕ್ರ ಬಂದರೆ ಅದು ಮೊಟ್ಟೆಯಾಗುತ್ತದೆ. ಬಾಗಿಲ ಭಾಗ ಬರುವಂತೆ ಸರಿಸಿ. ಇಡೀ ಪುಸ್ತಕದಲ್ಲಿ ಎರಡೂ ಪುಟ ಒಂದೇ ತುಂಡಾಗಿ ಅಚ್ಚಾಗಿ ಎದುರಿಗೆ ಬರುವುದು 16-17 ಮಾತ್ರ. ಆಗುಂಬೆಯ ಹದಿನಾಲ್ಕೂ ತಿರುವು ಅಲ್ಲಿ ಬರಲಿ. ಪಿನ್ನು ಎರಡು ಕಡೆ ಚುಚ್ಚುತ್ತದೆ, ಆ ಜಾಗದಲ್ಲಿ ಯಾರ ಮುಖವೂ ಬೇಡ.

ಪುಟಗಳ ಹಂಚಿಕೆ: 1 ಶೀರ್ಷಿಕೆ, 2 ಪ್ರಕಾಶನದ ವಿವರ, 3 ಕಥೆಯ ಬಾಗಿಲು, 4-5ರಿಂದ 28-29ರವರೆಗೆ ಹದಿಮೂರು ಜೋಡಿ, 30-31 ಕಾರಿನ ಭಾಗಗಳ ಹೆಸರಿರುವ ಚಿತ್ರ, 32 ಖಾಲಿ ಅಥವಾ ಮುಂದಿನ ಪುಸ್ತಕದ ಸುಳಿವು. ಒಂದೊಂದು ಪುಸ್ತಕಕ್ಕೂ ಬೇರೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಬೇಕು. ನಮ್ಮ ದೇಶದಲ್ಲಿ ಅದಕ್ಕೆ ಶುಲ್ಕವಿಲ್ಲ.

ಅಚ್ಚುಮೊಳೆ

ತುಳು, ಕೊಂಕಣಿಯ ಮಾತು ಬಿಟ್ಟುಹೋಯಿತು. ಹಣ ಉಳಿಯುವುದು ಅಲ್ಲೇ.

ಎರಡು ಹಾಳೆ, ನಾಲ್ಕು ಮುಖ, ಒಂದೊಂದಕ್ಕೆ ನಾಲ್ಕು ಬಣ್ಣ: ಒಂದೊಂದು ಬಣ್ಣದ ಅಚ್ಚಿಗೆ ಒಂದು ತಗಡಿನಂತೆ ಒಟ್ಟು 16 ಪ್ಲೇಟು. ಅಕ್ಷರಗಳೆಲ್ಲ ಬರೀ ಕಪ್ಪಿನಲ್ಲಿದ್ದರೆ ಇನ್ನೊಂದು ಭಾಷೆಗೆ ನಾಲ್ಕು ಕಪ್ಪು ಪ್ಲೇಟು ಮಾತ್ರ ಹೊಸದು, ಉಳಿದ 12 ಅವೇ. ಆದ್ದರಿಂದ ಬಣ್ಣದ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬೇಡ, ಅದು ಎಲ್ಲ ಪ್ಲೇಟಿನಲ್ಲೂ ತೂತು ಕೊರೆದಿರುತ್ತದೆ. 'ಪೊಂಯ್', 'ಟುರ್ರ್' ಅಂತ ಬಣ್ಣದಲ್ಲಿ ಚಿತ್ರದೊಳಗೇ ಕೈಬರಹ ಹಾಕುವುದು ಚೆಂದವೇ, ಆದರೆ ಅದೂ ನಾಲ್ಕು ಪ್ಲೇಟಿಗೆ ಹೋಗುತ್ತದೆ. ಸದ್ದುಗಳನ್ನು ಬೇರೆ ಪದರದಲ್ಲಿ, ಕಪ್ಪಿನಲ್ಲೇ ಇಡಿ. ಪಾತ್ರದ ಹೆಸರು ಬರೆದ ಬೋರ್ಡು, ಅಂಗಡಿಯ ಫಲಕ, ಮೈಲಿಗಲ್ಲು ಎಲ್ಲಕ್ಕೂ ಇದೇ ನಿಯಮ.

ಕಪ್ಪು ಅಕ್ಷರ ಅಂದರೆ ಕಪ್ಪು ಒಂದೇ ಶೇ. 100. ನಾಲ್ಕು ಬಣ್ಣ ಬೆರೆಸಿದ ಕಪ್ಪಿನಲ್ಲಿ ಅಕ್ಷರ ಇಟ್ಟರೆ ಹಾಳೆ ಸ್ವಲ್ಪ ಸರಿದಾಗ ಒತ್ತಕ್ಷರಗಳ ಸುತ್ತ ಕೆಂಪು ನೀಲಿ ಅಂಚು ಮೂಡುತ್ತದೆ.

ಒತ್ತಕ್ಷರ

ಒತ್ತಕ್ಷರದ ಸುದ್ದಿ ಬಂದದ್ದಕ್ಕೆ: ಅಕ್ಷರ 20 ಪಾಯಿಂಟ್ ಇದ್ದರೆ ಸಾಲಿನ ಅಂತರ 32ರಿಂದ 34 ಇರಲಿ. ಇಂಗ್ಲಿಷಿಗೆ ಸಾಕಾಗುವ 26 ಇಟ್ಟರೆ 'ಪುಟ್ಟಮ್ಮ'ನ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ಎಡಕ್ಕೆ ಮಾತ್ರ ಸಮ ಮಾಡಿ. ಎರಡೂ ಕಡೆ ಎಳೆದರೆ ನಮ್ಮ ಉದ್ದ ಪದಗಳ ನಡುವೆ ಕಂದಕ ಬೀಳುತ್ತದೆ. ಸಾಲಿನ ಕೊನೆಯಲ್ಲಿ ಪದ ಒಡೆಯಬೇಡಿ.

ಪಠ್ಯವನ್ನು ಯೂನಿಕೋಡಿನಲ್ಲೇ ಇಡಿ. ಪುಟ ಜೋಡಿಸುವ ಇನ್‌ಡಿಸೈನ್ ತಂತ್ರಾಂಶದಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆನ್ ಮಾಡದಿದ್ದರೆ ಒತ್ತಕ್ಷರ ಒಡೆದು ಬೀಳುತ್ತದೆ. ಹಳೆಯ 'ನುಡಿ' ತಂತ್ರಾಂಶದ ಕಡತದಿಂದ ಪರಿವರ್ತಿಸಿದ್ದಾದರೆ ಅರ್ಕಾವತ್ತನ್ನು ಒಂದೊಂದಾಗಿ ನೋಡಿ, ಜಾಗ ತಪ್ಪುವುದು ಹೆಚ್ಚಾಗಿ ಅಲ್ಲೇ. ಪುಟಕ್ಕೆ 25 ಪದ ದಾಟಿದರೆ ಏನೋ ವಿವರಿಸಲು ಹೊರಟಿದ್ದೀರಿ ಎಂದರ್ಥ. ಅದನ್ನು ಚಿತ್ರಕ್ಕೆ ಬಿಡಿ.

ಮಕ್ಕಳಪುಸ್ತಕ

ನಂಬರ್ ಪ್ಲೇಟ್ ಏನು ಹಾಕುವುದು?

ಹಳೇಗ್ಯಾರೇಜು

ಹಳೇ ಕಾಲದ ದೃಶ್ಯದಲ್ಲಿ 'ಕೆಎ' ಬರಬಾರದು, ಅದು 1989ರಿಂದ ಈಚಿನದು. ಈಗಿನ ಕಾಲದ ಕಥೆಯಾದರೆ 2021ರ ನಿಯಮದಲ್ಲಿ ಹೊಸದಾಗಿ ನೋಂದಾಯಿಸಿದ ವಿಂಟೇಜಿಗೆ ರಾಜ್ಯದ ಅಕ್ಷರದ ನಂತರ 'ವಿಎ', ಎರಡಕ್ಷರದ ಸರಣಿ, ಆಮೇಲೆ ನಾಲ್ಕು ಅಂಕಿ. ಮೊದಲೇ ನೋಂದಣಿಯಾಗಿದ್ದರೆ ಹಳೆಯ ನಂಬರೇ ಉಳಿಯುತ್ತದೆ. ಯಾರದೋ ನಿಜವಾದ ನಂಬರ್ ಬಿದ್ದುಬಿಡದಂತೆ ಅಂಕಿಯನ್ನು 0000 ಮಾಡಿ. ಅಂದಹಾಗೆ ವಿಂಟೇಜ್ ನೋಂದಣಿಯ ಕಾರನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪುಟ್ಟಮ್ಮ ಶಾಲೆಯ ವ್ಯಾನ್ ಆಗುವ ಕಥೆ ಇದ್ದರೆ ಕೈಬಿಡಿ.

ಚಿತ್ರಪುಟ

ಎಲ್ಲವನ್ನೂ ಹಾಳೆಗೆ ಇಳಿಸಿಕೊಂಡಿದ್ದೇವೆ. ಕಾರು 1927ರ ಚಮ್ಮಿ ಎಂದು ಗಟ್ಟಿಯಾಯಿತು. ಮೊದಲ ಪುಸ್ತಕದ 8-9ನೇ ಪುಟ ತಿದ್ದಿ ಬರೆದದ್ದು ಹೀಗಿದೆ:

"ಅಜ್ಜ ಹ್ಯಾಂಡಲ್ ಜಗ್ಗಿದ.
ಟುರ್... ಟುರ್... ಟುಸ್ಸ್.
'ಇದು ಏಳಲ್ಲ. ಗುಜರಿಗೆ ಹಾಕ್ರಿ' ಅಂದ ಮೆಕ್ಯಾನಿಕ್ ಮಾಮ.
ಪುಟ್ಟಮ್ಮನ ಬಾನೆಟ್ಟಿನ ಮೇಲೆ ಒಂದು ಹನಿ ಬಿತ್ತು.
ಮಳೆ ಇರಬೇಕು."

ಚಿತ್ರದಲ್ಲಿ ಅಜ್ಜ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಮೈಭಾರ ಹಾಕಿ ಕೆಳಕ್ಕೆ ಒತ್ತುತ್ತಿದ್ದಾನೆ. ಹುಡ್ ಮಡಿಚಿದೆ.

ಹಳೇಗ್ಯಾರೇಜು

ಮಾತು ಚೆನ್ನಾಗಿದೆ. ಚಿತ್ರ ಅಜ್ಜನ ಮಣಿಕಟ್ಟು ಮುರಿಯುತ್ತದೆ.

ಹ್ಯಾಂಡಲನ್ನು ಕೆಳಕ್ಕೆ ಒತ್ತುವುದಿಲ್ಲ, ಮೇಲಕ್ಕೆ ಎಳೆಯುವುದು. ಎಂಜಿನ್ ಹಿಂದಕ್ಕೆ ಒದ್ದರೆ, ಒತ್ತುತ್ತಿರುವ ಕೈಗೆ ಪೂರ್ತಿ ಪೆಟ್ಟು. ಎಳೆಯುತ್ತಿರುವ ಕೈಯ ಬೆರಳು ಬಿಚ್ಚಿಕೊಂಡು ತಪ್ಪಿಸಿಕೊಳ್ಳುತ್ತದೆ. ಹೆಬ್ಬೆರಳು ಹಿಡಿಯ ಸುತ್ತ ಸುತ್ತಿರಬಾರದು, ಉಳಿದ ನಾಲ್ಕು ಬೆರಳಿನ ಪಕ್ಕದಲ್ಲೇ ಮಲಗಿರಬೇಕು. ಎಡಗೈ. ಕಾರಿಗೆ ಎದುರಾಗಿ ನಿಂತರೆ ತಿರುಗುವುದು ಗಡಿಯಾರದ ದಿಕ್ಕಿಗೆ. ಏಳು ಗಂಟೆಯ ಜಾಗದಿಂದ ಹನ್ನೆರಡರ ಹತ್ತಿರಕ್ಕೆ ಒಂದೇ ಜಗ್ಗು. ಅದಕ್ಕೂ ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಗೇರು ನ್ಯೂಟ್ರಲ್ ಮಾಡಿ, ಪೆಟ್ರೋಲ್ ನಲ್ಲಿ ತೆರೆದು, ಕಿಡಿಯ ಲಿವರನ್ನು ಹಿಂದಕ್ಕೆ ಸರಿಸಿ, ಸ್ವಿಚ್ ಆರಿಸಿದ್ದಾಗಲೇ ಚೋಕ್ ಎಳೆದು ನಿಧಾನಕ್ಕೆ ಎರಡು ಸುತ್ತು. ಆಮೇಲೆ ಸ್ವಿಚ್ ಹಾಕಿ ಜಗ್ಗು. ಇಷ್ಟನ್ನೂ 6-7ನೇ ಪುಟದಲ್ಲಿ ಸಣ್ಣ ಸಣ್ಣ ಚೌಕಗಳಲ್ಲಿ ತೋರಿಸಿ. ಮೊಮ್ಮಗಳು ದೂರ, ಜಗಲಿಯ ಮೇಲೆ ಇರಲಿ.

ಇನ್ನೊಂದು. ಮಳೆ ಅನ್ನುತ್ತೀರಿ, ಹುಡ್ ಮಡಿಚಿದೆ ಅನ್ನುತ್ತೀರಿ. ತಿದ್ದುವ ಮೊದಲು ಒಂದು ಮಾತು: ಬಾನೆಟ್ಟಿನ ಪಕ್ಕದ ಸೀಳುಗಳಿಂದ ಎರಚಲು ಒಳಗೆ ಹೋಗಿ ಮ್ಯಾಗ್ನೆಟೊದ ಮುಚ್ಚಳ ಒದ್ದೆಯಾದರೆ ಕಿಡಿ ದಾರಿ ತಪ್ಪುತ್ತದೆ, ಎಂಜಿನ್ ಏಳುವುದಿಲ್ಲ. ಒಣಬಟ್ಟೆಯಿಂದ ಮುಚ್ಚಳದ ಒಳಗೂ ಹೊರಗೂ ಒರೆಸಿದರೆ ಸಾಕು.

ಒತ್ತಕ್ಷರ

ಅಂದರೆ ಆ ಹನಿ ಕಣ್ಣೀರೂ ಹೌದು, ಕಾರಣವೂ ಹೌದು. 'ಮಳೆ ಇರಬೇಕು' ಅನ್ನುವ ಸಾಲನ್ನು ದಯವಿಟ್ಟು ಮುಟ್ಟಬೇಡಿ.

ಚಿತ್ರಪುಟ

ಮುಟ್ಟಲ್ಲ. ಹುಡ್ ಹಾಗೇ ಮಡಿಚಿರುತ್ತದೆ, ಅಜ್ಜ ಮರೆತಿದ್ದಾನೆ. 10-11ರಲ್ಲಿ ಮೊಮ್ಮಗಳು ಬಟ್ಟೆ ತಂದುಕೊಡುತ್ತಾಳೆ, ಅಜ್ಜ ಸ್ವಿಚ್ ಆರಿಸಿ ಒರೆಸುತ್ತಾನೆ. ಆ ಬಟ್ಟೆ ಎಲ್ಲಿಂದ ಬಂತು ಅಂತ ಮಕ್ಕಳು ಕೇಳುತ್ತಾರಲ್ಲ, ಅದಕ್ಕೆ ಮೂರನೇ ಪುಟದಲ್ಲೇ ಜಗಲಿಯ ತಂತಿಯ ಮೇಲೆ ಕೆಂಪು ಅಂಚಿನ ಟವೆಲ್ಲೊಂದನ್ನು ಒಣಹಾಕುತ್ತಿದ್ದೇವೆ.

ಸೀಸದಕಡ್ಡಿ

ಮಳೆ ಬರುವುದರೊಳಗೆ ಅದನ್ನು ಯಾರಾದರೂ ಒಳಗೆ ತಂದಿಟ್ಟದ್ದೂ ಕಾಣಬೇಕು. ಇಲ್ಲದಿದ್ದರೆ ಒದ್ದೆ ಟವೆಲ್ಲು.